‘ಆಗ್ತಾ ಇಲ್ವಾ, ಕಷ್ಟ ಆಗ್ತಾ ಇದ್ಯಾ?’

(ಸಾರ್ವಜನಿಕರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ವೈದ್ಯನಲ್ಲ. ಶರೀರಕ್ರಿಯೆಯ ಪಾಠ ಮಾಡುವ ಮೇಷ್ಟ್ರು. ನರ ಹೇಗೆ ಕೆಲಸ ಮಾಡುತ್ತದೆ, ಸ್ನಾಯು ಹೇಗೆ ಬಿಗಿಯಾಗುತ್ತದೆ ಅಂತ ಹದಿನೆಂಟು ವರ್ಷದಿಂದ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಾ ಬಂದವನು. ಅಂಥವನು ಒಂದು ದಿನ ರಾತ್ರಿ ಎರಡೂವರೆಗೆ ಬಚ್ಚಲುಮನೆಯ ದೀಪ ಹಾಕಿಕೊಂಡು, ಹೊಲಿಗೆ ಟೇಪಿನಲ್ಲಿ ಎರಡೂ ಮೀನಖಂಡಗಳನ್ನು ಅಳೆಯುತ್ತಾ ಕೂತಿದ್ದೆ. ಎಡಗಾಲು 36 ಸೆಂಟಿಮೀಟರು, ಬಲಗಾಲು 36.8. ಆ ಎಂಟು ಮಿಲಿಮೀಟರು ನನ್ನ ಏಳು ತಿಂಗಳನ್ನು ತಿಂದುಹಾಕಿತು.

ಶುರುವಾದದ್ದು ಒಂದು ಸಾಮಾನ್ಯ ಜ್ವರದಿಂದ. ಐದು ದಿನ ಮಲಗಿದ್ದೆ. ಎದ್ದ ಮೇಲೆ ಉತ್ತರಪತ್ರಿಕೆಗಳ ರಾಶಿ, ನಿದ್ದೆ ನಾಲ್ಕು ಗಂಟೆ, ಕಾಫಿ ಲೆಕ್ಕವಿಲ್ಲ. ಒಂದು ಸಂಜೆ ಎಡ ಮೀನಖಂಡದಲ್ಲಿ ಚರ್ಮದ ಕೆಳಗೆ ಹುಳು ಹೊರಳಿದ ಹಾಗಾಯಿತು. ಪ್ಯಾಂಟು ಮಡಚಿ ನೋಡಿದರೆ ನಿಜವಾಗಿಯೂ ಮಾಂಸ ಕುಣಿಯುತ್ತಿತ್ತು. ನಾನು ಕುಣಿಸುತ್ತಿರಲಿಲ್ಲ, ತಾನಾಗಿ ಕುಣಿಯುತ್ತಿತ್ತು. ಎರಡು ದಿನ ಬಿಟ್ಟು ಭುಜ. ಆಮೇಲೆ ರೆಪ್ಪೆ, ತೊಡೆ, ಹೆಬ್ಬೆರಳಿನ ಬುಡ. ಜೊತೆಗೆ ಹೇಳಲಾಗದಂಥ ಸುಸ್ತು. ಎದ್ದ ಗಳಿಗೆಯಿಂದಲೇ ಸುಸ್ತು.

ಫೋನ್ ತೆಗೆದು ಹುಡುಕಿದೆ. ಮೂರನೆಯ ಸಾಲಿನಲ್ಲೇ ಮೂರು ಅಕ್ಷರ ಸಿಕ್ಕಿತು: ಎಎಲ್‌ಎಸ್.

ಈ ಕಾಯಿಲೆ ಗೊತ್ತಿಲ್ಲದವರಿಗಾಗಿ ಎರಡು ಮಾತು. 1869ರಲ್ಲಿ ಫ್ರಾನ್ಸಿನ ವೈದ್ಯ ಜ್ಯಾಂ ಮಾರ್ಟಿನ್ ಶಾರ್ಕೋ ಇದನ್ನು ವಿವರಿಸಿದರು. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ, ಕಾಲು, ಮಾತು, ನುಂಗುವುದು, ಕೊನೆಗೆ ಉಸಿರು. ಶುರುವಾದ ಮೂರರಿಂದ ಐದು ವರ್ಷಗಳಲ್ಲಿ ಹೆಚ್ಚಿನವರು ತೀರಿಕೊಳ್ಳುತ್ತಾರೆ. ರಿಲುಜೋಲ್ ಎಂಬ ಔಷಧಿ 1995ರಿಂದ ಇದೆ. ಅದು ಕಾಯಿಲೆಯ ಓಟವನ್ನು ಸ್ವಲ್ಪ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಆದ್ದರಿಂದ ಹೆದರುವವರನ್ನು ನೋಡಿ ನಗಬೇಡಿ. ಹೆದರಿಕೆ ಅಳತೆ ಮೀರಿದ್ದಿರಬಹುದು. ಆದರೆ ಅದು ಹೆದರಿರುವ ವಸ್ತು ಚಿಕ್ಕದಲ್ಲ.

ಈಗ ಬೋರ್ಡಿನ ಹತ್ತಿರ ಬರೋಣ, ನನ್ನ ಜಾಗ ಅದು.

ಬೆನ್ನುಹುರಿಯಲ್ಲಿ ಒಂದು ನರಕೋಶ ಇದೆ ಅಂದುಕೊಳ್ಳಿ. ಅದರಿಂದ ಒಂದು ಉದ್ದ ತಂತಿ ಹೊರಟು ಸ್ನಾಯುವಿನವರೆಗೆ ಹೋಗುತ್ತದೆ. ಅಲ್ಲಿ ಕವಲೊಡೆದು ಹಲವು ಸ್ನಾಯು ಎಳೆಗಳನ್ನು ಹಿಡಿದುಕೊಳ್ಳುತ್ತದೆ. ಕಣ್ಣುಗುಡ್ಡೆಯನ್ನು ತಿರುಗಿಸುವ ಸ್ನಾಯುಗಳಲ್ಲಿ ಒಂದು ನರಕೋಶದ ಕೈಕೆಳಗೆ ಹತ್ತರ ಆಸುಪಾಸು ಎಳೆಗಳಿರುತ್ತವೆ. ಮೀನಖಂಡದಲ್ಲಿ ಸಾವಿರಕ್ಕೂ ಜಾಸ್ತಿ. ನರಕೋಶ ಒಂದು ಸಲ ಕಿಡಿ ಹೊಡೆದರೆ ಅದರ ಎಳೆಗಳೆಲ್ಲ ಒಟ್ಟಿಗೆ ಎಳೆಯುತ್ತವೆ. ಒಂದೋ ಎರಡೋ ಎಳೆಯುವ ಪ್ರಶ್ನೆಯೇ ಇಲ್ಲ, ಎಳೆದರೆ ಅಷ್ಟೂ. ಹಾಗಾಗಿ ಒಂದೇ ಒಂದು ನರತಂತಿ ಅಪ್ಪಣೆ ಇಲ್ಲದೆ ಕಿಡಿ ಹೊಡೆದರೂ ಸಾವಿರ ಎಳೆ ಜಿಗಿದು, ಚರ್ಮದ ಮೇಲೆ ಅಲೆ ಎದ್ದದ್ದು ಕಣ್ಣಿಗೆ ಕಾಣುತ್ತದೆ. ನಾವು ‘ಮಾಂಸ ಅದುರುತ್ತೆ’, ‘ನರ ಹೊಡ್ಕೊಳ್ಳುತ್ತೆ’ ಅನ್ನುವುದು ಇದನ್ನೇ. ವೈದ್ಯರ ಭಾಷೆಯಲ್ಲಿ ಫ್ಯಾಸಿಕ್ಯುಲೇಶನ್.

ಇಲ್ಲೊಂದು ಹಳೆಯ ಗೊಂದಲವಿತ್ತು. ನರ ಸತ್ತು ಅನಾಥವಾದ ಸ್ನಾಯು ಎಳೆ ತನ್ನಷ್ಟಕ್ಕೆ ತಾನು ಮಿಡಿಯುತ್ತದೆ. ಅದು ಫಿಬ್ರಿಲೇಶನ್. ಒಂದೇ ಎಳೆಯಾದ್ದರಿಂದ ಚರ್ಮದ ಹೊರಗೆ ಕಾಣುವುದಿಲ್ಲ, ಸೂಜಿ ಹಾಕಿದರೆ ಮಾತ್ರ ಗೊತ್ತಾಗುತ್ತದೆ. ಹಿಂದೆ ಇವೆರಡನ್ನೂ ಕಲಸಿ ಮಾತಾಡುತ್ತಿದ್ದರು. 1938ರಲ್ಲಿ ಡೆನ್ನಿ ಬ್ರೌನ್ ಮತ್ತು ಪೆನ್ನಿಬೇಕರ್ ಎಂಬ ವೈದ್ಯರು ಎರಡನ್ನೂ ಬೇರೆ ಮಾಡಿ ತೋರಿಸಿದರು. ಕಣ್ಣಿಗೆ ಕಂಡು ಹೆದರಿಸುವುದು ಒಂದು, ಕಾಣದೆ ಸುದ್ದಿ ಹೇಳುವುದು ಇನ್ನೊಂದು. ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ರಾತ್ರಿ ಎರಡೂವರೆಗೆ ಮಾತ್ರ ನೆನಪಾಗಲಿಲ್ಲ.

ಆರೋಗ್ಯವಾಗಿರುವ ನರ ಯಾಕೆ ಅಪ್ಪಣೆ ಇಲ್ಲದೆ ಕಿಡಿ ಹೊಡೆಯುತ್ತದೆ? ನರದ ಪೊರೆ ಸದಾ ಕೆಣಕಿದರೆ ಸಿಡಿಯುವ ಸ್ಥಿತಿಯಲ್ಲೇ ಇರುತ್ತದೆ, ಅದರ ಕೆಲಸವೇ ಅದು. ನಿದ್ದೆ ಕೆಟ್ಟರೆ, ಕಾಫಿ ಜಾಸ್ತಿಯಾದರೆ, ಕಾಲಿಗೆ ಅಭ್ಯಾಸವಿಲ್ಲದಷ್ಟು ಕೆಲಸ ಕೊಟ್ಟರೆ, ಜ್ವರ ಬಂದು ಹೋದರೆ, ಮನಸ್ಸು ಗಾಬರಿಯಲ್ಲಿದ್ದರೆ ಆ ಪೊರೆ ಇನ್ನಷ್ಟು ಮುಂಗೋಪಿಯಾಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಡಿಮೆಯಾದರೂ ಹಾಗೆ, ಥೈರಾಯ್ಡ್ ಹೆಚ್ಚಾದರೂ ಹಾಗೆ. ಉಬ್ಬಸಕ್ಕೆ ಎಳೆದುಕೊಳ್ಳುವ ಸಾಲ್ಬುಟಮಾಲ್‌ನಂಥ ಔಷಧಿಗಳೂ ಮಾಡಬಹುದು. ನನ್ನ ಪಟ್ಟಿಯಲ್ಲಿ ಇವುಗಳಲ್ಲಿ ನಾಲ್ಕು ಒಟ್ಟಿಗೇ ಇದ್ದವು. ಬೇರೆ ಯಾರಾದರೂ ಬಂದು ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳಿ ಕಳಿಸುತ್ತಿದ್ದೆ.

ಇದು ಎಷ್ಟು ಜನಕ್ಕೆ ಆಗುತ್ತದೆ? 1963ರಲ್ಲಿ ರೀಡ್ ಮತ್ತು ಕರ್ಲ್ಯಾಂಡ್ ಎಂಬುವರು ವೈದ್ಯಕೀಯ ಕೆಲಸದಲ್ಲಿದ್ದ 539 ಆರೋಗ್ಯವಂತರನ್ನು ಕೇಳಿದರು. ಸುಮಾರು ಶೇ. 70 ಜನ ‘ಹೌದು, ಆಗಿದೆ’ ಅಂದರು. ಎಎಲ್‌ಎಸ್ ಹೊಸದಾಗಿ ಬರುವುದು ವರ್ಷಕ್ಕೆ ಲಕ್ಷಕ್ಕೆ ಸುಮಾರು 2 ಜನಕ್ಕೆ. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅದುರುವಿಕೆ ಒಂದನ್ನೇ ಹಿಡಿದುಕೊಂಡು ಆ ಕಾಯಿಲೆಯನ್ನು ಹುಡುಕುವುದು, ಕೆಮ್ಮಿದವರನ್ನೆಲ್ಲ ಶ್ವಾಸಕೋಶದ ಕ್ಯಾನ್ಸರ್ ಅಂತ ಸಾಲಾಗಿ ನಿಲ್ಲಿಸಿದ ಹಾಗೆ.

ಇನ್ನೊಂದು ಅಧ್ಯಯನ ನನಗೆ ತುಂಬ ಬೇಕಾದದ್ದು. ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 1993ರಲ್ಲಿ ಪ್ರಕಟಿಸಿದರು. ಅದುರುವಿಕೆ ಇತ್ತು, ಬೇರೆ ದೋಷ ಸಿಗಲಿಲ್ಲ ಅಂತ ಮನೆಗೆ ಕಳಿಸಿದ್ದ 121 ಜನರನ್ನು ಮತ್ತೆ ಹುಡುಕಿ ವಿಚಾರಿಸಿದರು. ಕೆಲವರಿಗೆ ಎರಡು ವರ್ಷವಾಗಿತ್ತು, ಕೆಲವರಿಗೆ ಮೂವತ್ತೆರಡು. ಒಬ್ಬರಿಗೂ ಎಎಲ್‌ಎಸ್ ಬಂದಿರಲಿಲ್ಲ. ಹಾಗಂತ ಅದುರುವಿಕೆಯಿಂದಲೇ ಶುರುವಾದ ಎಎಲ್‌ಎಸ್ ಇಲ್ಲವೇ ಇಲ್ಲ ಅಂತ ಹೇಳಲಾರೆ. ಬೆರಳೆಣಿಕೆಯ ಪ್ರಕರಣಗಳು ದಾಖಲಾಗಿವೆ. ಆರು ತಿಂಗಳು ಬಿಟ್ಟು ಇನ್ನೊಮ್ಮೆ ತೋರಿಸಿ ಅಂತ ವೈದ್ಯರು ಹೇಳುವುದು ಅದಕ್ಕೇ. ಅವರೇನೋ ಮುಚ್ಚಿಡುತ್ತಿದ್ದಾರೆ ಅಂತಲ್ಲ. ನಾನಂತೂ ಹಾಗೇ ಅಂದುಕೊಂಡಿದ್ದೆ, ಬಿಡಿ.

ಈಗ ಇವತ್ತಿನ ಮಾತಿನ ತಲೆಬರಹಕ್ಕೆ ಬರುತ್ತೇನೆ. ನರರೋಗ ತಜ್ಞರ ಮುಂದೆ ಕೂತು ನಾನು ಹೇಳಿದ ಮೊದಲ ವಾಕ್ಯ ‘ಡಾಕ್ಟ್ರೇ, ಕೈಕಾಲಲ್ಲಿ ಶಕ್ತಿ ಇಲ್ಲ.’ ಅವರು ಪೆನ್ನು ಕೆಳಗಿಟ್ಟು ಕೇಳಿದರು, ‘ಆಗ್ತಾ ಇಲ್ವಾ, ಕಷ್ಟ ಆಗ್ತಾ ಇದ್ಯಾ?’

ನಾನು ತಬ್ಬಿಬ್ಬಾದೆ. ಎರಡೂ ಒಂದೇ ಅಲ್ವಾ?

ಅಲ್ಲ. ನಮ್ಮ ಮಾತಿನಲ್ಲಿ ಒಂದು ತೊಡಕಿದೆ. ಸುಸ್ತಾದರೂ ‘ಶಕ್ತಿ ಇಲ್ಲ’ ಅನ್ನುತ್ತೇವೆ, ಕೈಗೆ ಲಕ್ವ ಹೊಡೆದರೂ ‘ಶಕ್ತಿ ಇಲ್ಲ’ ಅನ್ನುತ್ತೇವೆ. ಬೇಜಾರಾಗಿ ಕೆಲಸಕ್ಕೆ ಮನಸ್ಸಿಲ್ಲದಿದ್ದರೂ ಅದೇ ಮಾತು. ಎಲ್ಲದಕ್ಕೂ ‘ನರದೌರ್ಬಲ್ಯ’ ಎಂಬ ಒಂದೇ ಚೀಲ. ವೈದ್ಯರಿಗೆ ಇವು ಮೂರು ಬೇರೆ ಬೇರೆ ಊರು. ಮೆಟ್ಟಿಲು ಹತ್ತಿದ ಮೇಲೆ ಕಾಲು ಸೋತು ಬಂತು, ಆದರೂ ಹತ್ತಿದೆ ಅಂದರೆ ಅದು ಸುಸ್ತು. ಹೆಜ್ಜೆ ಎತ್ತಲು ಹೋದರೆ ಪಾದ ಏಳಲೇ ಇಲ್ಲ, ಮುಂಗಾಲು ಮೆಟ್ಟಿಲಿಗೆ ತಗುಲಿತು, ಅದೂ ಒಂದೇ ಕಾಲು, ಪ್ರತಿ ಸಲ ಅಂದರೆ ಅದು ಬಲ ಹೋಗಿರುವುದು. ಒಂದು ಅನಿಸುವುದು, ಇನ್ನೊಂದು ಆಗದಿರುವುದು.

ಪ್ರಸಿದ್ಧರಾದ ಇಬ್ಬರ ಕಥೆ ನೋಡಿ. ಲೂ ಗೆರಿಗ್ ಅಮೆರಿಕದ ಬೇಸ್‌ಬಾಲ್ ಆಟಗಾರ, ಅಲ್ಲಿ ಈ ಕಾಯಿಲೆಗೆ ಅವರದೇ ಹೆಸರಿದೆ. ಒಂದೂ ತಪ್ಪಿಸದೆ ಸತತ 2,130 ಪಂದ್ಯ ಆಡಿದವರು. 1938ರಲ್ಲಿ ಆಟ ಮಂಕಾಯಿತು. 1939ರ ಮೇ ತಿಂಗಳಲ್ಲಿ ತಾವಾಗಿಯೇ ತಂಡದಿಂದ ಹೊರಗೆ ಕೂತರು. ಜೂನ್‌ನಲ್ಲಿ ಕಾಯಿಲೆ ಗೊತ್ತಾಯಿತು. ಸ್ಟೀಫನ್ ಹಾಕಿಂಗ್ ವಿದ್ಯಾರ್ಥಿಯಾಗಿದ್ದಾಗ ಮೆಟ್ಟಿಲಲ್ಲಿ ಬಿದ್ದರು, ದೋಣಿ ಹುಟ್ಟು ಹಾಕಲು ತೊಡಕಾಯಿತು, ಮಾತು ತೊದಲಿತು. 1963ರಲ್ಲಿ, 21ನೇ ವಯಸ್ಸಿನಲ್ಲಿ ಕಾಯಿಲೆ ಗುರುತಾಯಿತು. ಇಬ್ಬರ ಕಥೆಯೂ ತೆರೆದುಕೊಳ್ಳುವುದು ಮಾಡುತ್ತಿದ್ದ ಕೆಲಸ ಕೈಕೊಟ್ಟದ್ದರಿಂದ. ಹಾಕಿಂಗ್ ಆಮೇಲೆ 76 ವರ್ಷದವರೆಗೆ ಬದುಕಿದರು. ಅದು ಬಹಳ ಅಪರೂಪ.

ಯಾಕೆ ಹೀಗೆ ಅಂದರೆ, ಈ ಕಾಯಿಲೆಯಲ್ಲಿ ನರಕೋಶ ಸತ್ತಾಗ ಪಕ್ಕದ ನರಗಳು ಹೊಸ ಕವಲು ಚಾಚಿ ಅನಾಥ ಎಳೆಗಳನ್ನು ದತ್ತು ತೆಗೆದುಕೊಳ್ಳುತ್ತವೆ. ಸ್ವಲ್ಪ ಕಾಲ ಮನೆ ನಡೆಯುತ್ತದೆ. ಸಾಯುವವರ ಸಂಖ್ಯೆ ದತ್ತು ಪಡೆಯುವವರ ಕೈಮೀರಿದಾಗ ಬಲ ಹೋಗುತ್ತದೆ, ಮಾಂಸ ಕರಗುತ್ತದೆ. ಅಂಥವರಲ್ಲೂ ಅದುರುವಿಕೆ ಇರುತ್ತದೆ. ಆದರೆ ಎಷ್ಟೋ ಸಲ ಅದು ಅವರ ಗಮನಕ್ಕೇ ಬಂದಿರುವುದಿಲ್ಲ. ಅಂಗಿ ಬಿಚ್ಚಿಸಿದಾಗ ವೈದ್ಯರು ನೋಡುತ್ತಾರೆ. ಅವರು ಬಂದಿರುವುದು ಗುಂಡಿ ಹಾಕಲು ಆಗುತ್ತಿಲ್ಲ ಅಂತ.

ನಿಮ್ಮಲ್ಲಿ ಕೆಲವರು ಈಗ ಲಕ್ಷಣಗಳ ಪೂರ್ತಿ ಪಟ್ಟಿ ಕೊಡಿ ಅಂತ ಕಾಯುತ್ತಿದ್ದೀರಿ. ಕೊಡುವುದಿಲ್ಲ. ಕೊಟ್ಟರೆ ಇವತ್ತು ರಾತ್ರಿ ಎಷ್ಟು ಬಚ್ಚಲುಮನೆಗಳಲ್ಲಿ ದೀಪ ಉರಿಯುತ್ತದೆ ಅಂತ ನನಗೆ ಗೊತ್ತು. ಹೋದ ತಿಂಗಳು ಸಲೀಸಾಗಿ ಮಾಡುತ್ತಿದ್ದ ಒಂದು ಕೆಲಸ ಈಗ ಆಗುತ್ತಿಲ್ಲ, ವಾರದಿಂದ ವಾರಕ್ಕೆ ಇನ್ನೂ ಕೆಡುತ್ತಿದೆ, ಮಾತು ತೊದಲುತ್ತಿದೆ, ನೀರು ಕುಡಿದರೆ ನೆತ್ತಿಗೆ ಹತ್ತುತ್ತಿದೆ, ಹೀಗೇನಾದರೂ ಇದ್ದರೆ ತಡಮಾಡದೆ ಹೋಗಿ. ಇಷ್ಟು ಸಾಕು.

ನನ್ನ ಪರೀಕ್ಷೆಗೆ ಬರುತ್ತೇನೆ. ವೈದ್ಯರು ಅರ್ಧ ಗಂಟೆ ನೋಡಿದರು. ಹಿಮ್ಮಡಿ ಮೇಲೆ ನಡೆಸಿದರು, ತುದಿಗಾಲಲ್ಲಿ ನಡೆಸಿದರು. ಬೆರಳು ಅಗಲಿಸಿ ಒತ್ತಿದರು. ಮಂಡಿಗೆ ಸುತ್ತಿಗೆ ಬಡಿದರು. ಅಂಗಾಲು ಗೀರಿದರು. ಈ ಗೀರುವುದನ್ನು ಬಾಬಿನ್ಸ್ಕಿ ಎಂಬ ವೈದ್ಯರು 1896ರಲ್ಲಿ ತಿಳಿಸಿಕೊಟ್ಟರು. ಇಷ್ಟು ಯಂತ್ರಗಳು ಬಂದ ಮೇಲೂ ಒಂದು ಬೀಗದ ಕೈ ತುದಿಯಿಂದ ಅಷ್ಟೊಂದು ಸುದ್ದಿ ತಿಳಿಯುತ್ತದೆ ಅನ್ನುವುದು ನನಗೆ ಇವತ್ತಿಗೂ ಬೆರಗು. ಆಮೇಲೆ ನಾಲಿಗೆ. ನಾನು ಅಭ್ಯಾಸಬಲದಿಂದ ನಾಲಿಗೆ ಹೊರಗೆ ಚಾಚಿದೆ. ‘ಒಳಗಿಡಿ, ಬಾಯಿ ಮಾತ್ರ ತೆರೀರಿ. ಚಾಚಿದ ನಾಲಿಗೆ ಎಲ್ಲರದ್ದೂ ನಡುಗುತ್ತೆ’ ಅಂದರು. ನಾಲ್ಕು ತಿಂಗಳಿಂದ ಕನ್ನಡಿ ಮುಂದೆ ನಾಲಿಗೆ ಚಾಚಿ ಅದರ ನಡುಕ ಎಣಿಸುತ್ತಿದ್ದವನು ನಾನು.

ಟೇಪಿನ ಲೆಕ್ಕವನ್ನೂ ತೋರಿಸಿದೆ, ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ನೋಡಿ, ಟೇಪು ಒಂದು ಬೆರಳು ಮೇಲೆ ಕೆಳಗೆ ಆದರೆ ಇಷ್ಟು ವ್ಯತ್ಯಾಸ ತಾನಾಗಿ ಬರುತ್ತದೆ, ಜೊತೆಗೆ ಎರಡು ಕಾಲು ಒಂದೇ ಅಳತೆ ಇರುವ ಮನುಷ್ಯರೂ ಕಡಿಮೆ ಅಂದರು. ಮನೆಯಲ್ಲಿ ನನ್ನ ಹೆಂಡತಿ ಇದನ್ನೇ ಬೇರೆ ರೀತಿ ಹೇಳಿದ್ದಳು: ‘ದಿನಾ ಅಳೆಯೋದಾದ್ರೆ ದರ್ಜಿಯನ್ನೇ ಕರೆಸೋಣ, ಒಂದು ಪ್ಯಾಂಟಾದರೂ ಆಗುತ್ತೆ.’

ಇಎಂಜಿ ಅಂದರೆ ತೆಳ್ಳಗಿನ ಸೂಜಿಯನ್ನು ಸ್ನಾಯುವಿಗೆ ಇಳಿಸಿ ಅಲ್ಲಿನ ವಿದ್ಯುತ್ತಿನ ಸದ್ದು ಕೇಳುವುದು. ಚುಚ್ಚಿದಾಗ ನೋವಿದೆ, ಸಹಿಸಬಹುದು. ವೈದ್ಯರು ಹುಡುಕುವುದು ಆಗ ಹೇಳಿದೆನಲ್ಲ, ಆ ಅನಾಥ ಎಳೆಗಳ ಮಿಡಿತವನ್ನು, ದತ್ತು ತೆಗೆದುಕೊಂಡ ನರಗಳ ದೊಡ್ಡದಾದ ಸದ್ದನ್ನು. ನನ್ನದರಲ್ಲಿ ಎರಡೂ ಇರಲಿಲ್ಲ. ಅದುರುವಿಕೆ ಮಾತ್ರ ಇತ್ತು. ಅಪಾಯವಿಲ್ಲದ ಅದುರುವಿಕೆ ಅಂತ ಬರೆದುಕೊಟ್ಟರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ನನ್ನ ನೆಮ್ಮದಿ ಸರಿಯಾಗಿ ಒಂಬತ್ತು ದಿನ ಇತ್ತು. ಹತ್ತನೇ ದಿನ ಹೊಸ ಯೋಚನೆ: ಸೂಜಿ ಹಾಕಿದ್ದು ಎಡಗಾಲಿಗೆ, ಈಗ ಅದುರುತ್ತಿರುವುದು ಬಲಭುಜ. ಇನ್ನೊಂದು: ತೀರಾ ಬೇಗ ಮಾಡಿಸಿಬಿಟ್ಟೆನೇನೋ. ಇನ್ನೊಬ್ಬ ವೈದ್ಯರ ಹತ್ತಿರ ಹೋದೆ, ಅವರೂ ಅದನ್ನೇ ಹೇಳಿದರು. ಆ ಸಲ ನೆಮ್ಮದಿ ನಾಲ್ಕು ದಿನ.

ನನಗೆ ಇನ್ನೊಂದು ಕಾಯಿಲೆ ಇತ್ತು, ಅದು ಕಾಲಿನಲ್ಲಿ ಇರಲಿಲ್ಲ. ಮನೋವೈದ್ಯರು 2013ರಿಂದ ಅದಕ್ಕೆ ಕಾಯಿಲೆಯ ಆತಂಕ ಅಂತಲೇ ಒಂದು ಹೆಸರನ್ನು ತಮ್ಮ ಕಾಯಿಲೆಗಳ ಪಟ್ಟಿಯ ಪುಸ್ತಕದಲ್ಲಿ ಸೇರಿಸಿಕೊಂಡಿದ್ದಾರೆ. ಅದೇ ವರ್ಷ ಆಸ್ಟ್ರೇಲಿಯಾದ ನರರೋಗ ತಜ್ಞರು, ಅದುರುವಿಕೆಗೆ ಹೆದರಿ ಬರುವ ವೈದ್ಯರ ಬಗ್ಗೆಯೇ ಒಂದು ಲೇಖನ ಬರೆದರು. ಹೌದು, ವೈದ್ಯರ ಬಗ್ಗೆಯೇ. ಅದನ್ನು ಓದಿ ಈ ಮೇಷ್ಟ್ರಿಗೆ ಸ್ವಲ್ಪ ಮರ್ಯಾದೆ ವಾಪಸ್ ಬಂತು.

ಒಂದು ಸಣ್ಣ ಪ್ರಯೋಗ ಮಾಡೋಣ. ಎಲ್ಲರೂ ಸುಮ್ನೆ ಕೂತು, ಒಂದು ನಿಮಿಷ ಬಲ ಅಂಗಾಲಿನ ಮೇಲೆ ಮಾತ್ರ ಗಮನ ಇಡಿ. (ಒಂದು ನಿಮಿಷದ ನಂತರ) ಜುಮ್ ಅಂದವರು ಎಷ್ಟು ಜನ? ತುರಿಕೆ? ಬಿಸಿ? ಏನೋ ಮಿಡಿದ ಹಾಗೆ? ಅರ್ಧಕ್ಕಿಂತ ಜಾಸ್ತಿ ಕೈ ಮೇಲಿವೆ. ಇಷ್ಟೂ ಒಂದು ನಿಮಿಷದ ಹಿಂದೆಯೂ ಅಲ್ಲೇ ಇತ್ತು, ಮಿದುಳು ಬಾಗಿಲು ಹಾಕಿಕೊಂಡಿತ್ತು ಅಷ್ಟೇ. ನಾನು ಏಳು ತಿಂಗಳು ಆ ಬಾಗಿಲನ್ನು ತೆರೆದಿಟ್ಟು ಹೊಸ್ತಿಲಲ್ಲೇ ಕೂತಿದ್ದೆ. ಗಾಬರಿಯಾದರೆ ಅಡ್ರಿನಲಿನ್ ಏರುತ್ತದೆ, ನರ ಇನ್ನಷ್ಟು ಸಿಡುಕುತ್ತದೆ, ಅದುರುತ್ತದೆ, ಮತ್ತೆ ಗಾಬರಿ. ರಾತ್ರಿಯೆಲ್ಲ ಕಾವಲು ಕಾದರೆ ಬೆಳಿಗ್ಗೆ ಸುಸ್ತಾಗದೆ ಇನ್ನೇನಾಗುತ್ತದೆ?

ಸುಸ್ತಿನ ವಿಷಯ ಬೇಗ ಮುಗಿಸುತ್ತೇನೆ. ಅದನ್ನು ಅಲಕ್ಷ್ಯ ಮಾಡಬೇಡಿ, ಆದರೆ ನರದ ದೊಡ್ಡ ಕಾಯಿಲೆಯಿಂದ ಶುರು ಮಾಡಬೇಡಿ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ, ಬಿ12, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಇವು ನೂರಾರು ಪಟ್ಟು ಸಾಮಾನ್ಯ. ಇವಕ್ಕೆ ಮದ್ದೂ ಇದೆ. ನನ್ನ ರಕ್ತ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಕಾಲಿಗೆ ತೊಂದರೆಯಾದೀತು ಅಂತ ನಾಲ್ಕು ತಿಂಗಳು ವಾಕಿಂಗ್ ಬಿಟ್ಟಿದ್ದೆ. ನಡೆಯದ ಕಾಲು ನಾಲ್ಕು ಹೆಜ್ಜೆಗೇ ಸೋಲುತ್ತದೆ. ಅದನ್ನು ನೋಡಿ ಕಾಯಿಲೆ ಮುಂದುವರಿಯುತ್ತಿದೆ ಅಂದುಕೊಂಡೆ.

ಕೊನೆಗೆ ಮನಃಶಾಸ್ತ್ರಜ್ಞರೊಬ್ಬರ ಹತ್ತಿರ ಹನ್ನೊಂದು ಸಲ ಹೋದೆ. ಅವರು ‘ನಿಮಗೇನೂ ಆಗಿಲ್ಲ’ ಅಂತ ಒಂದು ಸಲವೂ ಹೇಳಲಿಲ್ಲ. ದಿನಕ್ಕೆ ಎಷ್ಟು ಸಲ ಪರೀಕ್ಷೆ ಮಾಡಿಕೊಳ್ಳುತ್ತೀರಿ ಅಂತ ಬರೆಯಲು ಹೇಳಿದರು. ಮೊದಲ ವಾರದ ಸರಾಸರಿ 41. ಒಂಟಿ ಕಾಲಲ್ಲಿ ನಿಲ್ಲುವುದು, ಮಾಂಸ ಚಿವುಟುವುದು, ಕನ್ನಡಿ, ಟೇಪು, ಹುಡುಕಾಟ, ಎಲ್ಲ ಸೇರಿ. ಅಳೆಯಬೇಕು ಅನಿಸಿದಾಗ ಹತ್ತು ನಿಮಿಷ ಮುಂದೂಡಿ ಅಂದರು. ಆಮೇಲೆ ಅರ್ಧ ಗಂಟೆ. ಆಮೇಲೆ ಒಂದು ದಿನ. ಆ ಮೊದಲ ಹತ್ತು ನಿಮಿಷದಷ್ಟು ಉದ್ದದ ಹತ್ತು ನಿಮಿಷ ನಾನು ಕಂಡಿಲ್ಲ. ಕೆಲವರಿಗೆ ಜೊತೆಗೆ ಮಾತ್ರೆಯೂ ಬೇಕಾಗುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅದುರುವಿಕೆ ಪೂರ್ತಿ ಹೋಗಲಿಲ್ಲ. ಎಣಿಸುವುದು ಹೋಯಿತು. ಇನ್ನು ನಿಮ್ಮ ಪ್ರಶ್ನೆಗಳು.

ಪ್ರಶ್ನೆ: ಮೆಗ್ನೀಷಿಯಂ ಮಾತ್ರೆ ತಗೊಂಡ್ರೆ ಅದುರೋದು ನಿಲ್ಲುತ್ತಾ?

ರಕ್ತದಲ್ಲಿ ಅದು ಕಡಿಮೆ ಇದ್ದರೆ ತುಂಬಿಸಿಕೊಂಡಾಗ ಗುಣ ಕಾಣುತ್ತದೆ. ಸರಿಯಾಗಿದ್ದವರಿಗೆ ದೊಡ್ಡ ಲಾಭ ನಿರೀಕ್ಷಿಸಬೇಡಿ. ಕಿಡ್ನಿ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಲೇಬಾರದು. ನಾನು ಎರಡು ಡಬ್ಬಿ ಮುಗಿಸಿದೆ. ಹೊಟ್ಟೆ ಸಡಿಲವಾಯಿತು, ಮೀನಖಂಡ ತನ್ನ ಪಾಡಿಗೆ ಕುಣಿಯುತ್ತಲೇ ಇತ್ತು.

ಪ್ರಶ್ನೆ: ನಮ್ಮ ಯಜಮಾನರು ದಿನಕ್ಕೆ ಹತ್ತು ಸಲ ‘ನಾಲಿಗೆ ನೋಡು, ಕೈ ನೋಡು’ ಅಂತಾರೆ. ಏನೂ ಇಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಹೇಳದಿದ್ರೆ ಕೋಪ.

ನಿಮ್ಮ ಸಂಕಟ ನನಗೆ ಗೊತ್ತು, ನಮ್ಮ ಮನೆಯಲ್ಲಿ ಆ ಸಂಕಟ ಕೊಟ್ಟವನು ನಾನೇ. ನೀವು ‘ಏನಿಲ್ಲ’ ಅಂದಾಗಲೆಲ್ಲ ಅವರಿಗೆ ಐದು ನಿಮಿಷ ಹಗುರವಾಗುತ್ತದೆ, ಆ ಹಗುರಕ್ಕಾಗಿ ಮತ್ತೆ ಕೇಳುತ್ತಾರೆ. ಕೋಪದಲ್ಲಿ ಒಮ್ಮೆಲೇ ನಿಲ್ಲಿಸಬೇಡಿ. ಅವರು ಸಮಾಧಾನವಾಗಿರುವಾಗ ಕೂತು ಒಪ್ಪಂದ ಮಾಡಿಕೊಳ್ಳಿ: ಇನ್ನು ಮೇಲೆ ನಾನು ನಾಲಿಗೆ ನೋಡಲ್ಲ, ಹೆದರಿಕೆಯಾದಾಗ ಜೊತೆಗೆ ಕೂತಿರುತ್ತೇನೆ ಅಂತ. ನಿಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡುವ ಮನಃಶಾಸ್ತ್ರಜ್ಞರು ಸಿಕ್ಕರೆ ಇನ್ನೂ ಒಳ್ಳೆಯದು.

ಪ್ರಶ್ನೆ (ಹಿಂದಿನ ಸಾಲಿನ ಹಿರಿಯರು): ನನಗೆ ಈ ಹೆದರಿಕೆ ಗಿದರಿಕೆ ಏನೂ ಇಲ್ಲಪ್ಪ. ಅದುರೋದೂ ಇಲ್ಲ. ಸುಮ್ನೆ ಮೊಮ್ಮಗಳ ಜೊತೆ ಬಂದೆ. ಮೂರು ತಿಂಗಳಿಂದ ಬಲಗಾಲಿನ ಚಪ್ಪಲಿ ಮಾತ್ರ ನಡೀತಾ ನಡೀತಾ ಜಾರಿ ಹೋಗುತ್ತೆ. ಹೊಸ ಚಪ್ಪಲಿ ತಗೊಂಡೆ, ಅದೂ ಹಾಗೇ. ವಯಸ್ಸಾಯ್ತಲ್ಲ, ಅದಕ್ಕೇ ಇರಬೇಕು?

ವಯಸ್ಸು ಎರಡೂ ಕಾಲಿಗೆ ಆಗಿದೆ, ಚಪ್ಪಲಿ ಒಂದೇ ಕಾಲಿನದು ಜಾರುತ್ತಿದೆ. ಮಂಡಿಯ ಪಕ್ಕ ನರ ಒತ್ತಿಕೊಂಡಿದ್ದರೂ ಹೀಗಾಗುತ್ತದೆ, ಸೊಂಟದ ಡಿಸ್ಕ್ ಜರುಗಿದ್ದರೂ ಆಗುತ್ತದೆ, ಬೇರೆ ಕಾರಣಗಳೂ ಇವೆ. ಬಹಳಷ್ಟಕ್ಕೆ ಚಿಕಿತ್ಸೆ ಇದೆ, ತಡ ಮಾಡಬಾರದು ಅಷ್ಟೇ. ಈ ವಾರವೇ ನರರೋಗ ತಜ್ಞರಿಗೆ ತೋರಿಸಿ. ಹೋಗುವಾಗ ಆ ಹಳೆಯ ಚಪ್ಪಲಿಯನ್ನೂ ತೆಗೆದುಕೊಂಡು ಹೋಗಿ, ಮುಂಭಾಗ ಸವೆದಿದೆಯಾ ಅಂತ ಅವರು ನೋಡಲಿ. ಮೊಮ್ಮಗಳು ಎಲ್ಲಿ? ಹಾಂ, ನೀವೇ ಅಲ್ವಾ. ಕಾರ್ಯಕ್ರಮ ಮುಗಿದ ಮೇಲೆ ಒಂದು ನಿಮಿಷ ಇಲ್ಲಿಗೆ ಬನ್ನಿ.